ಮಿದುಳಿನ ಗೆಡ್ಡೆಯೂ ಅದರ ಗಡಿರೇಖೆಯೂ

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿಯ ಬಾಯಿಂದ ಹೊರಡುವ ಮೊದಲ ಪ್ರಶ್ನೆ, “ಎಲ್ಲಿಯವರೆಗೆ ಹರಡಿದೆ?” ಎಂಬುದು. ಪ್ರಶ್ನೆ ಸಹಜವಾದುದೇ. ಸ್ತನದಲ್ಲಿ ಹುಟ್ಟಿದ ಕ್ಯಾನ್ಸರು ಮೂಳೆಗೆ ಹೋಗುತ್ತದೆ. ದೊಡ್ಡ ಕರುಳಿನದು ಯಕೃತ್ತಿಗೆ ಹೋಗುತ್ತದೆ. ಶ್ವಾಸಕೋಶದ್ದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಮೂಲಸ್ಥಾನದಲ್ಲಿ ಇರುವಷ್ಟು ಕಾಲ ಶಸ್ತ್ರವೈದ್ಯನ ಕೈಗೆ ಸಿಕ್ಕುವ ರೋಗವು ದೂರದ ಅಂಗಗಳಲ್ಲಿ ಶಾಖೆಗಳನ್ನು ತೆರೆದ ಮೇಲೆ ಯಾರ ಕೈಗೂ ಸುಲಭವಾಗಿ ಸಿಕ್ಕುವುದಿಲ್ಲ. ಕ್ಯಾನ್ಸರಿನಿಂದ ಸಂಭವಿಸುವ ಸಾವುಗಳಲ್ಲಿ ಬಹುಪಾಲು ಈ ಶಾಖೆಗಳಿಂದಲೇ ಆಗುವಂಥವು.

ಆದರೆ ಈ ಸಾಮಾನ್ಯ ನಿಯಮಕ್ಕೆ ಒಳಪಡದ ಒಂದು ವರ್ಗವಿದೆ. ಮಿದುಳಿನಲ್ಲಿಯೇ ಹುಟ್ಟುವ ಗೆಡ್ಡೆಗಳು ಎಷ್ಟೇ ಕ್ರೂರವಾಗಿದ್ದರೂ ತಲೆಬುರುಡೆಯನ್ನು ದಾಟಿ ಶ್ವಾಸಕೋಶಕ್ಕೋ ಮೂಳೆಗೋ ಹೋಗುವುದು ಅತ್ಯಂತ ವಿರಳ. ರೋಗಿಯನ್ನು ಒಂದೂವರೆ ವರ್ಷದೊಳಗೆ ಮುಗಿಸಬಲ್ಲ ಗೆಡ್ಡೆಯು ಕುತ್ತಿಗೆಯ ಕೆಳಗೆ ಒಂದು ಕಾಳಿನಷ್ಟು ಗಂಟನ್ನೂ ಉಂಟುಮಾಡದೆ ಉಳಿಯುತ್ತದೆಂದರೆ ಅದು ಆಶ್ಚರ್ಯದ ಸಂಗತಿ. ವೈದ್ಯವಿಜ್ಞಾನವು ಸುಮಾರು ನೂರು ವರ್ಷಗಳಿಂದ ಈ ಆಶ್ಚರ್ಯದ ಕಾರಣವನ್ನು ಹುಡುಕುತ್ತಿದೆ. ಅಪರೂಪಕ್ಕೆ ಗಡಿ ದಾಟಿದ ಗೆಡ್ಡೆಗಳೇ ಈ ಹುಡುಕಾಟಕ್ಕೆ ಹೆಚ್ಚಿನ ಬೆಳಕನ್ನು ಒದಗಿಸಿವೆ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅವಶ್ಯ. “ಮಿದುಳಿನಲ್ಲಿ ಗೆಡ್ಡೆ” ಎಂಬ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ರೋಗಗಳು ಅಡಗಿರುತ್ತವೆ. ಮಿದುಳಿನ ಅಥವಾ ಅದರ ಪೊರೆಗಳ ಜೀವಕೋಶಗಳಿಂದಲೇ ಹುಟ್ಟಿದ್ದು ಪ್ರಾಥಮಿಕ ಗೆಡ್ಡೆ. ಶ್ವಾಸಕೋಶ, ಸ್ತನ, ಮೂತ್ರಪಿಂಡ ಮುಂತಾದ ಕಡೆ ಹುಟ್ಟಿ ರಕ್ತದೊಡನೆ ಮಿದುಳಿಗೆ ಬಂದು ನೆಲಸಿದ್ದು ದ್ವಿತೀಯಕ ಗೆಡ್ಡೆ. ವಯಸ್ಕರಲ್ಲಿ ಈ ಎರಡನೆಯದೇ ಹೆಚ್ಚು. ತಲೆನೋವು, ವಾಂತಿ, ಫಿಟ್ಸ್ ಎಂದು ಆಸ್ಪತ್ರೆಗೆ ಬಂದವರಿಗೆ ವೈದ್ಯರು ಎದೆಯ ಚಿತ್ರವನ್ನೂ ಹೊಟ್ಟೆಯ ಸ್ಕ್ಯಾನನ್ನೂ ತೆಗೆಸಲು ಹೇಳಿದಾಗ, “ತಲೆಯ ಕಾಯಿಲೆಗೆ ಎದೆಯ ಚಿತ್ರವೇಕೆ, ಬಿಲ್ಲು ಬೆಳೆಸುವುದಕ್ಕೆ” ಎಂದು ಮುಖ ಸಿಂಡರಿಸುವ ಬಂಧುಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಆ ಚಿತ್ರವಿಲ್ಲದೆ ಗೆಡ್ಡೆಯು ಒಳಗಿನದೋ ಹೊರಗಿನಿಂದ ಬಂದದ್ದೋ ತಿಳಿಯುವಂತಿಲ್ಲ. ಎರಡಕ್ಕೂ ಚಿಕಿತ್ಸೆ ಬೇರೆ, ಭವಿಷ್ಯವೂ ಬೇರೆ. ಹೊರಗಿನಿಂದ ಮಿದುಳಿನ ಒಳಕ್ಕೆ ಬರುವ ಮಾರ್ಗವು ಹೆದ್ದಾರಿಯಂತೆ ತೆರೆದಿದ್ದರೂ ಒಳಗಿನಿಂದ ಹೊರಕ್ಕೆ ಹೋಗುವ ಮಾರ್ಗವು ಮುಚ್ಚಿದಂತಿರುವುದು ಈ ವಿಷಯದ ತಿರುಳು.

ಮಿದುಳಿನಲ್ಲಿ ಸಂದೇಶಗಳನ್ನು ಸಾಗಿಸುವ ನರಕೋಶಗಳಲ್ಲದೆ, ಅವುಗಳಿಗೆ ಆಸರೆಯಾಗಿಯೂ ಪೋಷಕವಾಗಿಯೂ ಇರುವ ಗ್ಲಿಯಾ ಎಂಬ ಜೀವಕೋಶಗಳಿವೆ. ಪ್ರಾಥಮಿಕ ಗೆಡ್ಡೆಗಳಲ್ಲಿ ಪ್ರಮುಖವಾದವು ಈ ಗ್ಲಿಯಾ ವಂಶಕ್ಕೆ ಸೇರಿದವು. ಅವಕ್ಕೆ ಗ್ಲಿಯೋಮ ಎಂಬ ಹೆಸರನ್ನು 1860ರ ದಶಕದಲ್ಲಿ ಕೊಟ್ಟವನು ಜರ್ಮನಿಯ ರುಡಾಲ್ಫ್ ವಿರ್ಖೊ. 1926ರಲ್ಲಿ ಅಮೆರಿಕದ ಪರ್ಸಿವಲ್ ಬೇಲಿ ಮತ್ತು ಹಾರ್ವಿ ಕುಶಿಂಗ್ ಎಂಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಕಂಡ ರೂಪವನ್ನು ಅನುಸರಿಸಿ ಇವುಗಳ ವರ್ಗೀಕರಣವನ್ನು ಮಾಡಿದರು. ಇವುಗಳಲ್ಲೆಲ್ಲ ಅತ್ಯಂತ ಉಗ್ರವಾದುದು ಗ್ಲಿಯೊಬ್ಲಾಸ್ಟೋಮ.

ಈ ಗ್ಲಿಯೊಬ್ಲಾಸ್ಟೋಮದ ಸ್ವಭಾವವನ್ನು ಅರಿಯಲು 1928ನೆಯ ವರ್ಷದ ಎರಡು ವೃತ್ತಾಂತಗಳನ್ನು ಜೊತೆಗಿಟ್ಟು ನೋಡಬೇಕು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ವಾಲ್ಟರ್ ಡ್ಯಾಂಡಿ ಎಂಬ ಮಹಾಸಾಹಸಿ ಶಸ್ತ್ರವೈದ್ಯನು, ಗೆಡ್ಡೆಯನ್ನು ಬೇರುಸಹಿತ ಕಿತ್ತೊಗೆಯಬೇಕೆಂಬ ಹಟದಿಂದ ಕೆಲವು ರೋಗಿಗಳ ಬಲಭಾಗದ ಅರೆಮಿದುಳನ್ನು ಸಂಪೂರ್ಣವಾಗಿ ತೆಗೆದುಹಾಕಿದುದನ್ನು ಆ ವರ್ಷ ಪ್ರಕಟಿಸಿದನು. ಅರ್ಧ ಮಿದುಳು ಹೋದರೂ ಗೆಡ್ಡೆ ಸೋಲಲಿಲ್ಲ. ಅದರ ಕೋಶಗಳು ಆಗಲೇ ಎದುರು ಭಾಗಕ್ಕೆ ನುಸುಳಿದ್ದವು. ಅದೇ ವರ್ಷ ಷಿಕಾಗೋದ ಲಾಯಲ್ ಡೇವಿಸ್ ಎಂಬ ಶಸ್ತ್ರವೈದ್ಯನು ಇದೇ ಜಾತಿಯ ಗೆಡ್ಡೆಯೊಂದು ತಲೆಯಿಂದ ಹೊರಬಿದ್ದು ದೇಹದ ಬೇರೆಡೆ ಕಾಣಿಸಿಕೊಂಡ ಪ್ರಸಂಗವನ್ನು ವರದಿಮಾಡಿದನು. ಗ್ಲಿಯೊಬ್ಲಾಸ್ಟೋಮವು ನರಮಂಡಲದ ಹೊರಗೆ ಹರಡಿದುದರ ಮೊದಲ ಉದಾಹರಣೆಯೆಂದು ವೈದ್ಯಸಾಹಿತ್ಯದಲ್ಲಿ ಸಾಮಾನ್ಯವಾಗಿ ಉಲ್ಲೇಖಿಸಲಾಗುವುದು ಇದನ್ನೇ. ಮಿದುಳಿನೊಳಗೆ ಈ ಗೆಡ್ಡೆಗೆ ತಡೆಯೇ ಇಲ್ಲವೆಂಬುದನ್ನು ಡ್ಯಾಂಡಿಯ ಅನುಭವ ತೋರಿಸಿತು. ಡೇವಿಸನ ವರದಿಯಾದರೋ ವೈದ್ಯರಲ್ಲಿ ಅಚ್ಚರಿಯನ್ನೂ ಸ್ವಲ್ಪ ಸಂಶಯವನ್ನೂ ಹುಟ್ಟಿಸಿತು. ಹಿಂದಿನ ಕಾಲದ ಜಕಾತಿ ನಾಕೆಯ ಬಳಿ ಬಂದಾಗಲೆಲ್ಲ ಹಿಂತಿರುಗುತ್ತಿದ್ದ ಕಳ್ಳಸಾಗಣೆಗಾರನಂತೆ, ಈ ಗೆಡ್ಡೆಯೂ ಊರೊಳಗಿನ ಬೀದಿಬೀದಿಯನ್ನು ಸುತ್ತುತ್ತದೆ. ಗಡಿಯನ್ನು ಮಾತ್ರ ದಾಟುವುದಿಲ್ಲ ಎಂದೇ ಅಲ್ಲಿಯವರೆಗಿನ ನಂಬಿಕೆಯಾಗಿತ್ತು.

ಸಂಶಯಕ್ಕೆ ಕಾರಣವೂ ಇತ್ತು. ಮಿದುಳಿನಲ್ಲಿ ಒಂದು ಗೆಡ್ಡೆ, ಶ್ವಾಸಕೋಶದಲ್ಲಿ ಒಂದು ಗೆಡ್ಡೆ ಇದ್ದರೆ ಎರಡನೆಯದೇ ಮೂಲವೆಂದು ತಿಳಿಯುವುದು ನ್ಯಾಯ. ಏಕೆಂದರೆ ನೂರರಲ್ಲಿ ತೊಂಬತ್ತೊಂಬತ್ತು ಬಾರಿ ಸತ್ಯವೂ ಅದೇ. ಒಬ್ಬನೇ ಮನುಷ್ಯನಿಗೆ ಸಂಬಂಧವಿಲ್ಲದ ಎರಡು ಕ್ಯಾನ್ಸರುಗಳು ಒಟ್ಟಿಗೆ ಬಂದಿರುವುದೂ ಉಂಟು. ಆದುದರಿಂದ 1955ರಲ್ಲಿ ವೈಸ್ ಎಂಬ ರೋಗನಿದಾನ ತಜ್ಞನು, ಇಂತಹ ವರದಿಗಳನ್ನು ಒಪ್ಪಿಕೊಳ್ಳುವುದಕ್ಕೆ ಮುಂಚೆ ನಾಲ್ಕು ನಿಬಂಧನೆಗಳು ಪೂರೈಸಬೇಕೆಂದು ಬರೆದನು. ನರಮಂಡಲದಲ್ಲಿ ಖಚಿತವಾದ ಲಕ್ಷಣವುಳ್ಳ ಒಂದೇ ಗೆಡ್ಡೆ ಇರಬೇಕು. ರೋಗಿಗೆ ಮೊದಲು ತಲೆದೋರಿದ ತೊಂದರೆಗಳು ಆ ಗೆಡ್ಡೆಯಿಂದಲೇ ಉಂಟಾದುವೆಂದು ರೋಗದ ಇತಿಹಾಸದಿಂದ ಸಿದ್ಧವಾಗಬೇಕು. ಪೂರ್ಣವಾದ ಮರಣೋತ್ತರ ಪರೀಕ್ಷೆ ನಡೆದು ದೇಹದಲ್ಲಿ ಬೇರಾವ ಮೂಲವೂ ಇಲ್ಲವೆಂಬುದು ಸ್ಪಷ್ಟವಾಗಬೇಕು. ಕಡೆಯದಾಗಿ, ಮಿದುಳಿನ ಗೆಡ್ಡೆಯೂ ದೂರದ ಗಂಟುಗಳೂ ಸೂಕ್ಷ್ಮದರ್ಶಕದ ಕೆಳಗೆ ಒಂದೇ ಬಗೆಯಾಗಿ ಕಾಣಬೇಕು. ಸಾಲದ ಅರ್ಜಿಯ ಪರಿಶೀಲನೆಯಷ್ಟೇ ಕಟ್ಟುನಿಟ್ಟಾದ ಈ ಪರೀಕ್ಷೆಯಲ್ಲಿ ಹಿಂದಿನ ಅನೇಕ ವರದಿಗಳು ತೇರ್ಗಡೆಯಾಗಲಿಲ್ಲ. ಈಗ ಜೀವಂತ ರೋಗಿಯ ಗಂಟಿನಿಂದಲೇ ಸೂಜಿಯ ಮೂಲಕ ಚೂರನ್ನು ತೆಗೆದು ನೋಡುವ ಸೌಕರ್ಯವಿದೆ. ಇಡೀ ದೇಹದ ಸ್ಕ್ಯಾನ್ ಇದೆ. ಆದುದರಿಂದ ಮರಣೋತ್ತರ ಪರೀಕ್ಷೆಯ ನಿಬಂಧನೆಯು ಸಡಿಲಗೊಂಡಿದೆ. ಉಳಿದ ಮೂರರ ಸಾರವು ಹಾಗೆಯೇ ಉಳಿದಿದೆ.

ಅಂಕಿಗಳ ವಿಷಯಕ್ಕೆ ಬಂದರೆ, ಗ್ಲಿಯೊಬ್ಲಾಸ್ಟೋಮ ರೋಗಿಗಳಲ್ಲಿ ಸಾವಿರಕ್ಕೆ ನಾಲ್ಕೈದು ಮಂದಿಯಲ್ಲಿ ಮಾತ್ರ ಹೊರಗಿನ ಹರಡುವಿಕೆ ಕಂಡುಬರುತ್ತದೆಂದು ಬಹುಕಾಲದಿಂದ ಹೇಳಲಾಗಿದೆ. ಅತ್ಯಂತ ಉದಾರವಾದ ಅಂದಾಜು ಕೂಡ ನೂರಕ್ಕೆ ಎರಡನ್ನು ಮೀರುವುದಿಲ್ಲ. ಹಾಗೆ ಹೋದಾಗ ಅದು ಆರಿಸಿಕೊಳ್ಳುವ ತಾಣಗಳು ಶ್ವಾಸಕೋಶ ಮತ್ತು ಅದರ ಪೊರೆ, ಕುತ್ತಿಗೆಯ ಹಾಲ್ರಸ ಗ್ರಂಥಿಗಳು, ಮೂಳೆಗಳು, ಅದರಲ್ಲಿಯೂ ಬೆನ್ನೆಲುಬು, ಅನಂತರ ಯಕೃತ್ತು.

ಇನ್ನು, ಗಡಿ ಏಕೆ ಇಷ್ಟು ಭದ್ರವಾಗಿದೆ ಎಂಬ ಪ್ರಶ್ನೆ. ಹಳೆಯ ಗ್ರಂಥಗಳು ಕೊಡುತ್ತಿದ್ದ ಮೊದಲ ಉತ್ತರವೆಂದರೆ, ದೇಹದ ಇತರ ಭಾಗಗಳಲ್ಲಿರುವಂತೆ ಮಿದುಳಿನಲ್ಲಿ ಹಾಲ್ರಸ ನಾಳಗಳಿಲ್ಲ ಎಂಬುದು. ಸ್ತನದ ಕ್ಯಾನ್ಸರು ಕಂಕುಳಿನ ಗ್ರಂಥಿಗೆ ಹೋಗುವುದು ಈ ನಾಳಗಳ ಮೂಲಕ. ಮಿದುಳಿನ ತಿರುಳಿನಲ್ಲಿ ಆ ದಾರಿಯೇ ಇಲ್ಲದಿದ್ದ ಮೇಲೆ ಹೋಗುವುದೆಂತು? ಈ ಉತ್ತರಕ್ಕೆ 2015ರಲ್ಲಿ ಒಂದು ತಿದ್ದುಪಡಿ ಬೇಕಾಯಿತು. ಅಮೆರಿಕದ ವರ್ಜೀನಿಯ ಮತ್ತು ಫಿನ್ಲೆಂಡಿನ ಹೆಲ್ಸಿಂಕಿಯ ಎರಡು ಸಂಶೋಧಕ ತಂಡಗಳು, ಮಿದುಳನ್ನು ಸುತ್ತುವರಿದ ಗಡುಸು ಪೊರೆಯಲ್ಲಿ ಹಾಲ್ರಸ ನಾಳಗಳಿರುವುದನ್ನು ಇಲಿಗಳಲ್ಲಿ ಸ್ಪಷ್ಟವಾಗಿ ತೋರಿಸಿದವು. ವಿನೋದವೆಂದರೆ ಇಟಲಿಯ ಪಾವ್ಲೊ ಮಸ್ಕಾನಿ ಎಂಬ ಅಂಗರಚನಾ ಶಾಸ್ತ್ರಜ್ಞನು 1787ರಷ್ಟು ಹಿಂದೆಯೇ ಇಂತಹ ನಾಳಗಳನ್ನು ವರ್ಣಿಸಿದ್ದನು. ಇನ್ನೂರಕ್ಕೂ ಹೆಚ್ಚು ವರ್ಷ ಯಾರೂ ಆತನ ಮಾತಿಗೆ ಕಿವಿಗೊಡಲಿಲ್ಲ. ಆದರೂ ಹೊಸ ನಾಳಗಳಿರುವುದು ಪೊರೆಯಲ್ಲಿಯೇ ಹೊರತು ಮಿದುಳಿನ ತಿರುಳಿನಲ್ಲಲ್ಲ. ಆದುದರಿಂದ ಹಳೆಯ ವಾದವು ಪೂರ್ತಿ ಸುಳ್ಳಾಗಲಿಲ್ಲ. ಅಷ್ಟು ಸರಳವಲ್ಲ ಎಂದು ಮಾತ್ರ ತಿಳಿದುಬಂದಿತು.

ಎರಡನೆಯ ಕಾರಣ ಆ ಗಡುಸು ಪೊರೆಯೇ. ತೆಂಗಿನಕಾಯಿಯ ಚಿಪ್ಪಿನೊಳಗೆ ಇನ್ನೊಂದು ಚರ್ಮದ ಚೀಲವಿಟ್ಟಂತೆ ಅದು ಮಿದುಳನ್ನು ಬುರುಡೆಯಿಂದ ಬೇರ್ಪಡಿಸುತ್ತದೆ. ಗೆಡ್ಡೆಗಳು ಅದನ್ನು ಒತ್ತುತ್ತವೆ, ತಳ್ಳುತ್ತವೆ. ಕೊರೆದು ಹೊರಬರುವುದು ಕಡಮೆ. ಮೂರನೆಯದು ಮಿದುಳಿನ ಸಿರೆಗಳ ರಚನೆ. ಅವುಗಳ ಗೋಡೆ ಬಹಳ ತೆಳು; ಗೆಡ್ಡೆ ಬೆಳೆದಂತೆ ಅದರ ಒತ್ತಡಕ್ಕೆ ಸಿರೆಯು ಅಪ್ಪಚ್ಚಿಯಾಗಿ ಮುಚ್ಚಿಹೋಗುತ್ತದೆಯಾದ ಕಾರಣ ಒಳನುಗ್ಗಲು ಬಾಗಿಲೇ ಇರುವುದಿಲ್ಲ ಎಂಬ ವಾದವಿದೆ. ಇನ್ನೊಂದು ಕಾರಣ ಸರಳವೂ ಕಠೋರವೂ ಆದುದು: ಕಾಲಾವಕಾಶದ ಅಭಾವ. ದೂರದ ಅಂಗದಲ್ಲಿ ಬಿದ್ದ ಕೋಶಗಳು ಗಂಟಾಗಿ ಬೆಳೆದು ಕಣ್ಣಿಗೆ ಬೀಳಲು ತಿಂಗಳುಗಳೋ ವರ್ಷಗಳೋ ಬೇಕು. 2005ರಲ್ಲಿ ಪ್ರಕಟವಾದ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ, ವಿಕಿರಣ ಚಿಕಿತ್ಸೆಯ ಜೊತೆಗೆ ಟೆಮೊಜೊಲೊಮೈಡ್ ಎಂಬ ಗುಳಿಗೆಯನ್ನು ಕೊಟ್ಟಾಗ ಗ್ಲಿಯೊಬ್ಲಾಸ್ಟೋಮ ರೋಗಿಗಳ ಮಧ್ಯಮ ಆಯುಷ್ಯವು 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿತು. ಇದನ್ನೇ ದೊಡ್ಡ ಮುನ್ನಡೆಯೆಂದು ಎಣಿಸಲಾಯಿತು. ತಲೆಯೊಳಗಿನ ಗೆಡ್ಡೆಯೇ ಇಷ್ಟು ಬೇಗ ಪ್ರಾಣವನ್ನು ತೆಗೆಯುವಾಗ ಹೊರಗಿನ ಶಾಖೆಗಳು ತಲೆಯೆತ್ತಲು ವೇಳೆಯೆಲ್ಲಿ? ಚಿಕಿತ್ಸೆ ಸುಧಾರಿಸಿ ರೋಗಿಗಳು ಹೆಚ್ಚು ಕಾಲ ಬದುಕತೊಡಗಿದಂತೆ, ಹಿಂದೆ ಕಾಣದಿದ್ದ ಇಂತಹ ಪ್ರಸಂಗಗಳು ಹೆಚ್ಚಾಗಿ ವರದಿಯಾಗುತ್ತಿರುವುದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ.

ಇಷ್ಟೆಲ್ಲ ಕಾರಣಗಳೂ ಗೆಡ್ಡೆಯ ಕೋಶಗಳು ರಕ್ತವನ್ನು ಸೇರುವುದೇ ಇಲ್ಲ ಎಂಬ ಭಾವನೆಯ ಮೇಲೆ ನಿಂತಿದ್ದವು. 2014ರಲ್ಲಿ ಆ ಭಾವನೆಯ ಬುಡವೇ ಅಲುಗಿತು. ಬಾಸ್ಟನ್ನಿನ ಸಂಶೋಧಕರು 33 ಗ್ಲಿಯೊಬ್ಲಾಸ್ಟೋಮ ರೋಗಿಗಳ ರಕ್ತವನ್ನು ಶೋಧಿಸಿ 13 ಮಂದಿಯಲ್ಲಿ ಗೆಡ್ಡೆಯ ಕೋಶಗಳನ್ನು ಕಂಡರು. ಹ್ಯಾಂಬರ್ಗಿನವರು 141 ಮಂದಿಯನ್ನು ಪರೀಕ್ಷಿಸಿ 29 ಮಂದಿಯಲ್ಲಿ ಕಂಡರು. ಎಂದರೆ ಕೋಶಗಳು ಗಡಿಯನ್ನು ದಾಟುವುದು ಅಪೂರ್ವವೇನಲ್ಲ! ದಾಟಿದ ಮೇಲೆ ಬೇರೂರುವುದು ಮಾತ್ರ ಅಪೂರ್ವ.

ಇಲ್ಲಿ ಇನ್ನೊಂದು ಹಳೆಯ ಮಾತು ನೆನಪಿಗೆ ಬರುತ್ತದೆ. 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯನು ಸ್ತನದ ಕ್ಯಾನ್ಸರಿನಿಂದ ಮೃತರಾದ 735 ಮಹಿಳೆಯರ ದಾಖಲೆಗಳನ್ನು ಶೋಧಿಸಿದನು. ಯಕೃತ್ತು ಮತ್ತು ಗುಲ್ಮ ಎರಡಕ್ಕೂ ರಕ್ತವು ಧಾರಾಳವಾಗಿ ಹರಿಯುತ್ತಿದ್ದರೂ ಕ್ಯಾನ್ಸರು ಯಕೃತ್ತನ್ನೇ ಪದೇಪದೇ ಆರಿಸಿಕೊಂಡಿದ್ದುದು ಅವನ ಗಮನಕ್ಕೆ ಬಂದಿತು. ಬೀಜವು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಹದವಾದ ನೆಲದಲ್ಲಿ ಬಿದ್ದುದು ಮಾತ್ರ ಮೊಳೆಯುತ್ತದೆ ಎಂಬುದು ಅವನ ತೀರ್ಮಾನ. ಗದ್ದೆಯ ಬದುವಿನಲ್ಲಿ ಬೆಳೆದ ಯಾವ ಕನ್ನಡಿಗನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿದುಳಿನ ಕೋಶವು ವಿಶಿಷ್ಟವಾದ ನೆಲಕ್ಕೆ ಒಗ್ಗಿದ ಬೀಜ. ಮಿದುಳಿನಲ್ಲಿ ಇತರ ಅಂಗಗಳಲ್ಲಿರುವ ನಾರಿನ ಹಂದರ ಅತ್ಯಲ್ಪ. ಅಂತಹ ಮೃದುವಾದ ನೆಲದಲ್ಲಿ ಹಬ್ಬಲು ಕಲಿತ ಕೋಶವು ಮೂಳೆಯಲ್ಲೋ ಯಕೃತ್ತಿನಲ್ಲೋ ಪರದೇಶಿಯಾಗುತ್ತದೆ. ಅದರ ಮೇಲೆ ದೇಹರಕ್ಷಣಾ ವ್ಯವಸ್ಥೆಯ ಕಾವಲು ಬೇರೆ. ಮಿದುಳಿನೊಳಗೆ ಆ ಕಾವಲು ಸ್ವಲ್ಪ ಸಡಿಲ, ಹೊರಗೆ ಬಿಗಿ.

ಕಾವಲಿನ ಈ ವಾದವು ಕೇವಲ ಊಹೆಯಲ್ಲ ಎಂಬುದಕ್ಕೆ ಒಂದು ದುಃಖಕರವಾದ ಸಾಕ್ಷ್ಯವಿದೆ. ಮಿದುಳಿನ ಗೆಡ್ಡೆಯಿಂದ ಮೃತರಾದವರ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳನ್ನು, ಗೆಡ್ಡೆಯು ಹೊರಗೆ ಹೋಗುವುದಿಲ್ಲವೆಂಬ ನಂಬಿಕೆಯಿಂದ ಇತರರಿಗೆ ಕಸಿ ಮಾಡಿದ ಕೆಲವು ಸಂದರ್ಭಗಳಲ್ಲಿ, ಅಂಗವನ್ನು ಪಡೆದವರ ದೇಹದಲ್ಲಿ ಗ್ಲಿಯೊಬ್ಲಾಸ್ಟೋಮ ಬೆಳೆದುದುಂಟು. ಕಸಿಯನ್ನು ದೇಹವು ತಿರಸ್ಕರಿಸದಿರಲೆಂದು ರಕ್ಷಣಾಶಕ್ತಿಯನ್ನು ಕುಗ್ಗಿಸುವ ಔಷಧಗಳನ್ನು ಪಡೆದವರಿಗೆ ಕೊಡಲೇಬೇಕಾಗುತ್ತದೆ. ದಾನಿಯ ದೇಹದಲ್ಲಿ ಅಡಗಿ ನಿಷ್ಕ್ರಿಯವಾಗಿದ್ದ ಕೆಲವೇ ಕೋಶಗಳು, ಕಾವಲಿಲ್ಲದ ಹೊಸ ಮನೆಯಲ್ಲಿ ಗೆಡ್ಡೆಯಾಗಿ ಬೆಳೆದವು. ಭಾರತದಲ್ಲಿ 1994ರ ಕಾನೂನು ಮಿದುಳಿನ ಮರಣವನ್ನು ಅಂಗೀಕರಿಸಿದ ಅನಂತರ ಅಂಗದಾನವು ಬೆಳೆಯುತ್ತಿದೆ. ಮಿದುಳಿನ ರಕ್ತಸ್ರಾವದಿಂದ ಸತ್ತರೆಂದು ತಿಳಿದವರಲ್ಲಿ ಅಪರೂಪಕ್ಕೆ ಆ ಸ್ರಾವದ ಹಿಂದೆ ಗೆಡ್ಡೆಯೇ ಅಡಗಿರುವ ಸಂಭವವಿರುವುದರಿಂದ, ಕಸಿಯ ತಂಡದವರು ದಾನಿಯ ಬಂಧುಗಳನ್ನು ಹಿಂದಿನ ಕಾಯಿಲೆಗಳ ಬಗ್ಗೆ ಕೆದಕಿ ಕೇಳುತ್ತಾರೆ. ಆ ಹೊತ್ತಿನಲ್ಲಿ ಪ್ರಶ್ನೆಗಳು ನಿರ್ದಯವೆಂದು ತೋರಬಹುದು, ಅವು ಅನಾವಶ್ಯಕವಲ್ಲ. ಸೌಮ್ಯವಾದ ಗೆಡ್ಡೆಯಿದ್ದ ಮಾತ್ರಕ್ಕೆ ದಾನವನ್ನು ನಿರಾಕರಿಸುವ ಪದ್ಧತಿಯಿಲ್ಲ. ಉಗ್ರವಾದ ಗೆಡ್ಡೆ, ಹಿಂದೆ ನಡೆದ ಶಸ್ತ್ರಕ್ರಿಯೆ, ತಲೆಯಿಂದ ಹೊಟ್ಟೆಗೆ ಇಳಿಸಿದ ನಳಿಕೆ, ಇವು ಅಪಾಯವನ್ನು ಹೆಚ್ಚಿಸುವ ಅಂಶಗಳು.

ನಳಿಕೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಅದು ಮಕ್ಕಳ ಗೆಡ್ಡೆಯೊಂದಕ್ಕೆ ಸಂಬಂಧಿಸಿದ್ದು. ಚಿಕ್ಕಮಿದುಳಿನಲ್ಲಿ ಹುಟ್ಟುವ ಮೆಡ್ಯುಲೊಬ್ಲಾಸ್ಟೋಮ ಎಂಬ ಗೆಡ್ಡೆಯನ್ನು ಬೇಲಿ ಮತ್ತು ಕುಶಿಂಗರು 1925ರಲ್ಲಿ ವರ್ಣಿಸಿದರು. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿಲಿಲೀಟರಿನಷ್ಟು ತಿಳಿಯಾದ ದ್ರವವಿರುತ್ತದೆ. ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಷ್ಟು ಹೊಸದಾಗಿ ಸ್ರವಿಸಿ, ಹಳೆಯದು ರಕ್ತಕ್ಕೆ ಮರಳುತ್ತದೆ. ಮೆಡ್ಯುಲೊಬ್ಲಾಸ್ಟೋಮದ ಕೋಶಗಳು ಈ ದ್ರವದಲ್ಲಿ ತೇಲಿ ಬೆನ್ನುಹುರಿಯ ಮೇಲೆ ಅಲ್ಲಲ್ಲಿ ನೆಲಸುವುದು ಸಾಮಾನ್ಯ. ಇದು ನರಮಂಡಲದ ಒಳಗಿನ ಹರಡುವಿಕೆ. ತಲೆಗೆ ಮಾತ್ರವಲ್ಲದೆ ಇಡೀ ಬೆನ್ನಿಗೂ ವಿಕಿರಣ ಕೊಡುವ ಕ್ರಮವನ್ನು 1953ರಲ್ಲಿ ಮ್ಯಾಂಚೆಸ್ಟರಿನ ಪ್ಯಾಟರ್ಸನ್ ಮತ್ತು ಫಾರ್ ಎಂಬುವರು ಪ್ರಕಟಿಸಿದ ಮೇಲೆ, ಅದುವರೆಗೆ ಬಹುಮಟ್ಟಿಗೆ ಮಾರಕವಾಗಿದ್ದ ಈ ರೋಗದಿಂದ ಮಕ್ಕಳು ಬದುಕಿ ಉಳಿಯತೊಡಗಿದರು. ಈಗ ಒಳ್ಳೆಯ ಕೇಂದ್ರಗಳಲ್ಲಿ, ಹರಡದ ಸ್ಥಿತಿಯಲ್ಲಿ ಚಿಕಿತ್ಸೆ ಆರಂಭವಾದರೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಐದು ವರ್ಷಗಳನ್ನು ದಾಟುತ್ತಾರೆ.

ಈ ಗೆಡ್ಡೆಯು ದ್ರವದ ಹರಿವಿಗೆ ಅಡ್ಡಗಟ್ಟಿದಾಗ ತಲೆಯೊಳಗೆ ನೀರು ತುಂಬಿ ಪ್ರಾಣಾಪಾಯವಾಗುತ್ತದೆ. ಆಗ ತಲೆಯಿಂದ ಚರ್ಮದಡಿಯಲ್ಲಿ ಸಣ್ಣ ನಳಿಕೆಯನ್ನು ಹೊಟ್ಟೆಯೊಳಕ್ಕೆ ಇಳಿಸಿ ದ್ರವವನ್ನು ಹರಿಯಬಿಡುತ್ತಾರೆ. ದ್ರವದೊಡನೆ ಗೆಡ್ಡೆಯ ಕೋಶಗಳೂ ಹೊಟ್ಟೆಗೆ ಇಳಿದು ಅಲ್ಲಿ ಬೆಳೆದ ಪ್ರಸಂಗಗಳು ವರದಿಯಾದಾಗ ನಳಿಕೆಗೆ ಸೋಸುಕವನ್ನು ಅಳವಡಿಸಿ ನೋಡಿದರು. ಸೋಸುಕವು ಪದೇಪದೇ ಕಟ್ಟಿಕೊಂಡು ಬೇರೊಂದು ತೊಂದರೆಯಾಯಿತು. ಗೆಡ್ಡೆಯನ್ನು ತೆಗೆದ ಮೇಲೆ ಅನೇಕ ಮಕ್ಕಳಲ್ಲಿ ಹರಿವು ತಾನಾಗಿಯೇ ಸರಿಹೋಗುತ್ತದೆಂದು ತಿಳಿದ ಈ ಕಾಲದಲ್ಲಿ ಶಾಶ್ವತ ನಳಿಕೆಯನ್ನು ಮೊದಲೇ ಹಾಕುವ ರೂಢಿ ಕಡಮೆಯಾಗಿದೆ. ನಿಜಕ್ಕೂ ಬೇಕಾದಾಗ ಅದನ್ನು ಬೇಡವೆನ್ನುವುದು ಅವಿವೇಕ.

ನರಮಂಡಲದ ಹೊರಗೆ ಹೋಗುವುದರಲ್ಲಿ ಮೆಡ್ಯುಲೊಬ್ಲಾಸ್ಟೋಮವು ಗ್ಲಿಯೊಬ್ಲಾಸ್ಟೋಮಕ್ಕಿಂತ ಮುಂದು. ನೂರಕ್ಕೆ ಐದಾರು ರೋಗಿಗಳಲ್ಲಿ ಹಾಗಾಗುವುದೆಂದು ಹಿಂದಿನ ಲೆಕ್ಕ. ಅದರ ಮುಖ್ಯ ಗುರಿ ಮೂಳೆ ಮತ್ತು ಮಜ್ಜೆ. ಚಿಕಿತ್ಸೆ ಮುಗಿದು ಶಾಲೆಗೆ ಹೋಗುತ್ತಿರುವ ಮಗುವು ಕಾಲು ನೋವು, ಸೊಂಟ ನೋವು ಎನ್ನತೊಡಗಿದರೆ, ಅಥವಾ ಕಾರಣ ತಿಳಿಯದೆ ರಕ್ತಹೀನತೆ ಕಾಣಿಸಿಕೊಂಡರೆ ಆಟದಲ್ಲಿ ಬಿದ್ದಿರಬೇಕೆಂದೋ ಬೆಳೆಯುವ ವಯಸ್ಸಿನ ನೋವೆಂದೋ ಹಲವು ವಾರ ತಳ್ಳಬಾರದು. ಬಹುಪಾಲು ಅದು ಅಷ್ಟೇ ಆಗಿರುತ್ತದೆ. ಆದರೆ ಹೇಳಿಕೊಳ್ಳಬೇಕಾದುದು ಚಿಕಿತ್ಸೆ ನೀಡಿದ ವೈದ್ಯರಿಗೆ. ಈ ಗೆಡ್ಡೆಯ ಬಗ್ಗೆ 2018ರಲ್ಲಿ ಟೊರಾಂಟೊದ ಸಂಶೋಧಕರು ಇನ್ನೊಂದು ಸ್ವಾರಸ್ಯವನ್ನು ಹೊರಗೆಡಹಿದರು: ಬೆನ್ನುಹುರಿಯ ಪೊರೆಗೆ ಅದು ದ್ರವದ ಮೂಲಕವಷ್ಟೇ ಹೋಗುತ್ತದೆಂಬ ಮಾತು ಪೂರ್ಣ ಸತ್ಯವಲ್ಲ, ರಕ್ತಕ್ಕಿಳಿದು ದೇಹವನ್ನೆಲ್ಲ ಸುತ್ತಿ ಮರಳಿ ಮಿದುಳಿನ ಪೊರೆಗೇ ಬಂದು ನೆಲಸಬಲ್ಲದು. ಪ್ಯಾಜೆಟ್ಟನ ಬೀಜ ತನ್ನ ನೆಲವನ್ನೇ ಹುಡುಕಿಕೊಂಡು ಬಂದಂತಾಯಿತು!

ಮಿದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಗಳು ಹೆಚ್ಚಾಗಿ ನಿರುಪದ್ರವಿಗಳು. ಸಾವಿರಕ್ಕೆ ಒಂದು ಮಾತ್ರ ಶ್ವಾಸಕೋಶದ ಕಡೆ ಹೋದೀತು. ಅದೇ ಪೊರೆಯ ನೆರೆಯಲ್ಲಿ ಹುಟ್ಟುವ, ಹಿಂದೆ ಹೀಮಾಂಜಿಯೊಪೆರಿಸೈಟೋಮ ಎಂದು ಕರೆಯಲಾಗುತ್ತಿದ್ದ ಇನ್ನೊಂದು ಗೆಡ್ಡೆಯಿದೆ. ಸ್ಕ್ಯಾನಿನಲ್ಲಿ ಮೆನಿಂಜಿಯೋಮದಂತೆಯೇ ಕಾಣುವ ಇದರ ಗುಣವು ಬೇರೆ. ತೆಗೆದುಹಾಕಿ ಹತ್ತು ಹದಿನೈದು ವರ್ಷಗಳಾಗಿ, ರೋಗಿಯೂ ಮನೆಯವರೂ ಅದನ್ನು ಮರೆತೇಬಿಟ್ಟ ಮೇಲೆ ಮೂಳೆಯಲ್ಲೋ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಅದು ತಲೆಯೆತ್ತಬಹುದು. ಆದುದರಿಂದ ಇದರಲ್ಲಿ ಪುನಃಪರೀಕ್ಷೆಗೆ ಮುಗಿತಾಯವೇ ಇಲ್ಲ.

ಈಗ, ಮನೆಮನೆಗಳಲ್ಲಿ ನಡೆಯುವ ಒಂದು ವಾದದ ಕಡೆ ತಿರುಗಬೇಕು. “ಕತ್ತರಿ ಹಾಕಿಸಬೇಡಿ, ಗಾಳಿ ತಗುಲಿದರೆ ಗೆಡ್ಡೆ ಮೈಯೆಲ್ಲ ಹರಡುತ್ತದೆ” ಎಂಬ ಹಿರಿಯರ ಎಚ್ಚರಿಕೆಯು ಊರಿನಿಂದ ಪತ್ರದಲ್ಲಿ ಬರುತ್ತಿದ್ದ ಕಾಲವೂ ಇತ್ತು. ಈಗ ದೂರವಾಣಿಯಲ್ಲಿ ಬರುತ್ತದೆ. ಈ ಮಾತನ್ನು ಸುಮ್ಮನೆ ನಕ್ಕು ತಳ್ಳಿಹಾಕುವುದು ಪ್ರಾಮಾಣಿಕವಾಗದು. ಗ್ಲಿಯೊಬ್ಲಾಸ್ಟೋಮವು ಹೊರಗೆ ಹರಡಿದ ಪ್ರಸಂಗಗಳಲ್ಲಿ ಬಹುಪಾಲು ತಲೆಯ ಶಸ್ತ್ರಕ್ರಿಯೆ ಆದವರಲ್ಲಿಯೇ ಕಂಡುಬಂದಿರುವುದು ನಿಜ. ಗಡುಸು ಪೊರೆಯನ್ನು ತೆರೆದಾಗ ಕೆಲವು ಕೋಶಗಳು ನೆತ್ತಿಯ ಚರ್ಮಕ್ಕೂ ಸ್ನಾಯುವಿಗೂ ತಗುಲಿ, ಅಲ್ಲಿನ ಹಾಲ್ರಸ ನಾಳಗಳ ಮೂಲಕ ಕುತ್ತಿಗೆಗೆ ಹೋಗಬಲ್ಲವು ಎಂಬುದೂ ಯುಕ್ತಿಯುಕ್ತ. ಆದರೆ ಲೆಕ್ಕದ ಇನ್ನೊಂದು ಕಡೆಯನ್ನೂ ನೋಡಬೇಡವೆ? ಆ ರೋಗಿಗಳಲ್ಲಿ ಹೆಚ್ಚಿನವರೆಲ್ಲ ಶಸ್ತ್ರಕ್ರಿಯೆಗೆ ಒಳಗಾದವರೇ. ಆದುದರಿಂದ ಹರಡಿದವರಲ್ಲಿಯೂ ಅವರೇ ಹೆಚ್ಚಿರುವುದು ಸ್ವಾಭಾವಿಕ. ಶಸ್ತ್ರಕ್ರಿಯೆಯಿಂದ ಹೆಚ್ಚು ಕಾಲ ಬದುಕಿದ್ದರಿಂದಲೇ ಹರಡುವಿಕೆಗೆ ವೇಳೆ ಸಿಕ್ಕಿತು ಎಂಬುದೂ ಒಂದು ಅಂಶ. ಒಮ್ಮೆಯೂ ಶಸ್ತ್ರ ತಾಗದವರಲ್ಲಿ ಹರಡಿದ ಉದಾಹರಣೆಗಳೂ ಇವೆ. ಎಲ್ಲಕ್ಕಿಂತ ಮಿಗಿಲಾಗಿ, ಶಸ್ತ್ರಕ್ರಿಯೆಯಿಲ್ಲದೆ ಗೆಡ್ಡೆ ಯಾವ ಜಾತಿಯದೆಂದೇ ತಿಳಿಯುವುದಿಲ್ಲ, ತಲೆಯೊಳಗಿನ ಒತ್ತಡವೂ ಇಳಿಯುವುದಿಲ್ಲ. ಸಾವಿರಕ್ಕೆ ನಾಲ್ಕೈದರಷ್ಟು ಸಂಭವವುಳ್ಳ ನಷ್ಟಕ್ಕೆ ಹೆದರಿ, ಖಚಿತವಾದ ನಷ್ಟವನ್ನು ಬರಮಾಡಿಕೊಳ್ಳುವುದು ಯಾವ ಲೆಕ್ಕಪುಸ್ತಕದಲ್ಲಿಯೂ ಲಾಭವೆನಿಸದು.

ಹಾಗೆ ನಿಜವಾಗಿಯೂ ಹರಡಿದಾಗ ಅದು ತೋರುವ ಲಕ್ಷಣಗಳು ಸಾಧಾರಣವಾದವೇ. ಶಸ್ತ್ರಕ್ರಿಯೆಯ ಗಾಯದ ಬಳಿ ನೆತ್ತಿಯಲ್ಲಿ ಗಂಟು, ಕಿವಿಯ ಹಿಂದೆ ಅಥವಾ ಕುತ್ತಿಗೆಯಲ್ಲಿ ನೋವಿಲ್ಲದೆ ಬೆಳೆಯುವ ಗಡ್ಡೆ, ಬಿಡದ ಬೆನ್ನುನೋವು, ಎದೆಯಲ್ಲಿ ನೀರು ತುಂಬಿ ಉಬ್ಬಸ. ಬೆನ್ನುನೋವಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯ ಮಾತು. ಮಿದುಳಿನ ಊತವನ್ನು ಇಳಿಸಲು ಕೊಡುವ ಸ್ಟೀರಾಯ್ಡ್ ಔಷಧವು ದೀರ್ಘಕಾಲದಲ್ಲಿ ಮೂಳೆಯನ್ನು ಟೊಳ್ಳುಮಾಡಿ ಬೆನ್ನೆಲುಬಿನ ಮಣಿಗಳನ್ನು ಕುಸಿಯುವಂತೆ ಮಾಡಬಹುದು; ಬೆನ್ನುಹುರಿಯ ಪೊರೆಗೆ ಗೆಡ್ಡೆ ಇಳಿದಿರಲೂಬಹುದು. ಮೂರೂ ಒಂದೇ ಬಗೆಯ ನೋವನ್ನು ಕೊಡುತ್ತವೆ, ಮೂರಕ್ಕೂ ಉಪಾಯ ಬೇರೆ. ಎಂ.ಆರ್.ಐ. ಚಿತ್ರವು ಅರ್ಧ ಉತ್ತರವನ್ನು ಕೊಡುತ್ತದೆ. ಉಳಿದರ್ಧವನ್ನು ಕೊಡುವುದು ಗಂಟಿನಿಂದ ತೆಗೆದ ಚೂರು. ಗ್ಲಿಯಾ ಕೋಶಗಳಲ್ಲಿರುವ ಒಂದು ವಿಶಿಷ್ಟ ಪ್ರೋಟೀನು 1970ರ ಆಸುಪಾಸಿನಲ್ಲಿ ಗುರುತಿಸಲ್ಪಟ್ಟ ಮೇಲೆ, ಅದಕ್ಕೆ ಬಣ್ಣ ಹತ್ತಿಸಿ ನೋಡುವ ವಿಧಾನವು ಬಂದು, ಕುತ್ತಿಗೆಯ ಗಂಟಿನಲ್ಲಿರುವ ಕೋಶವು ಮಿದುಳಿನ ವಂಶದ್ದೇ ಎಂದು ಹೇಳುವುದು ಸಾಧ್ಯವಾಯಿತು. ಈಚೆಗೆ ಗೆಡ್ಡೆಗಳ ಜೀನುಗಳನ್ನೇ ಓದಿ ಎರಡನ್ನೂ ತಾಳೆ ನೋಡುವಷ್ಟು ಮುಂದುವರಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣವು ಬಹುಮಟ್ಟಿಗೆ ಈ ಬಗೆಯ ಜೀನು ಪರೀಕ್ಷೆಗಳ ಮೇಲೆ ನಿಂತಿದೆ.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ನೋಯುವ ಮೂಳೆಗೆ ವಿಕಿರಣ, ದೇಹಕ್ಕೆಲ್ಲ ತಲುಪುವ ಔಷಧ, ನೋವು ನಿವಾರಣೆ, ಇಷ್ಟೇ. ಗ್ಲಿಯೊಬ್ಲಾಸ್ಟೋಮವು ಹೊರಗೆ ಹರಡಿದುದು ಪತ್ತೆಯಾದ ಮೇಲೆ ಆಯುಷ್ಯವನ್ನು ತಿಂಗಳುಗಳಲ್ಲಿ ಎಣಿಸಬೇಕಾಗುತ್ತದೆ. ಮಕ್ಕಳ ಗೆಡ್ಡೆಗಳಲ್ಲಿ ಔಷಧಗಳಿಂದ ಇದಕ್ಕಿಂತ ಹೆಚ್ಚಿನ ಫಲ ಕಂಡುದುಂಟು.

ಪತ್ತೆಯ ವಿಷಯದಲ್ಲಿ ಪರಸ್ಥಳದಲ್ಲಿ ನೆಲಸಿದ ಕುಟುಂಬಗಳಿಗೆ ಒಂದು ವಿಶೇಷ ತೊಡಕಿದೆ. ಭಾರತದಲ್ಲಿ ಮಿದುಳಿನ ಶಸ್ತ್ರವಿಭಾಗವು 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರಿಂದ ಆರಂಭವಾದಾಗ ಹೋಗಬೇಕಾದ ಊರು ಒಂದೇ ಆಗಿತ್ತು. ಈಗ ಬೆಂಗಳೂರಿನ ನಿಮ್ಹಾನ್ಸ್ ಇದೆ, ಪರೇಲಿನಲ್ಲಿ 1941ರಿಂದ ನಡೆಯುತ್ತಿರುವ ಟಾಟಾ ಸ್ಮಾರಕ ಆಸ್ಪತ್ರೆಯಿದೆ, ಎಲ್ಲ ಮಹಾನಗರಗಳಲ್ಲಿಯೂ ದೊಡ್ಡ ಕೇಂದ್ರಗಳಿವೆ. ಶಸ್ತ್ರಕ್ರಿಯೆ ಒಂದೂರಿನಲ್ಲಿ, ವಿಕಿರಣ ಇನ್ನೊಂದೂರಿನಲ್ಲಿ, ನಡುವೆ ವರ್ಗಾವಣೆ, ನಿವೃತ್ತಿಯ ಅನಂತರ ಧಾರವಾಡವೋ ಉಡುಪಿಯೋ. ಹತ್ತು ವರ್ಷಗಳ ತರುವಾಯ ಬೆನ್ನಿನಲ್ಲಿ ಗಂಟು ಕಾಣಿಸಿದಾಗ ಹೊಸ ವೈದ್ಯನು ಮೊದಲು ಕೇಳುವುದು ಹಳೆಯ ಗೆಡ್ಡೆಯ ಚೂರನ್ನು. ಡಿಸ್ಚಾರ್ಜ್ ಚೀಟಿಯಲ್ಲಿ “ಮಿದುಳಿನ ಗೆಡ್ಡೆ ತೆಗೆಯಲಾಗಿದೆ” ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯದು. ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಸಣ್ಣ ಬಿಲ್ಲೆಯಾಗಿ ಪ್ರಯೋಗಶಾಲೆಯಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ಕುಯ್ದ ತೆಳುಪದರವನ್ನು ಗಾಜಿನ ಮೇಲಿಟ್ಟದ್ದು ಸ್ಲೈಡು. ಹಲವು ವರ್ಷಗಳಾದರೂ ಮೇಣದೊಳಗಿನ ಆ ತುಣುಕಿನ ಮೇಲೆ ಹೊಸ ಪರೀಕ್ಷೆಗಳನ್ನು ನಡೆಸಬಹುದು. ಪ್ರಯೋಗಶಾಲೆಗಳು ಇವನ್ನು ಎಂದೆಂದಿಗೂ ಕಾಪಾಡುವ ಹೊಣೆ ಹೊತ್ತಿಲ್ಲ. ಕೆಲವು ವರ್ಷಗಳ ಅನಂತರ ವಿಲೇವಾರಿ ಮಾಡುವುದೂ ಉಂಟು. ರೋಗಿಯ ಕಡೆಯವರು ರಶೀದಿ ಬರೆದುಕೊಟ್ಟು ಕೇಳಿದರೆ ಸಾಮಾನ್ಯವಾಗಿ ಬ್ಲಾಕನ್ನು ಕೊಡುತ್ತಾರೆ. ಬೀರುವಿನಲ್ಲಿ ಎಲ್.ಐ.ಸಿ. ಪಾಲಿಸಿಯ ಪಕ್ಕದಲ್ಲಿ, ಬಿಸಿಲು ತಾಕದ ಡಬ್ಬಿಯೊಂದರಲ್ಲಿ ಅದನ್ನಿಟ್ಟು, ಬಯಾಪ್ಸಿಯ ಸಂಖ್ಯೆಯನ್ನೂ ವರ್ಷವನ್ನೂ ಮೇಲೆ ಬರೆದು ಅಂಟಿಸಿದರೆ ಸಾಕು. ಅದು ಹಿಡಿಸುವ ಸ್ಥಳ ಒಂದು ಬೆಂಕಿಪೊಟ್ಟಣಕ್ಕಿಂತ ಹೆಚ್ಚಲ್ಲ.